ಹುಟ್ಟುಗುಣವೂ ಕಟಕಟೆಯೂ

ಬೀರುವಿನಲ್ಲಿಟ್ಟ ಬೆಳ್ಳಿಯ ಲೋಟ ಕಾಣದಾದರೆ ಗೃಹಿಣಿಯ ಕಣ್ಣು ಮೊದಲು ಹೊರಳುವುದು, ಹಿಂದೊಮ್ಮೆ ಸಕ್ಕರೆ ಕದ್ದು ಸಿಕ್ಕಿಬಿದ್ದ ಕೆಲಸದಾಕೆಯ ಕಡೆಗೆ. ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆಯೇ ಅಲ್ಲಿ ಸಾಕ್ಷಿ; ತೀರ್ಪಿಗೆ ಅರ್ಧ ಗಳಿಗೆಯೂ ಬೇಡ. ನ್ಯಾಯಾಲಯವಾದರೋ ಈ ಗಾದೆಯನ್ನು ಬಾಗಿಲಲ್ಲೇ ತಡೆಯುತ್ತದೆ.

ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್ನರು ರಚಿಸಿದ 1872ರ ಭಾರತದ ಸಾಕ್ಷ್ಯ ಕಾಯಿದೆಯ 54ನೆಯ ಕಲಮು, ಆರೋಪಿಯ ಪರವಾಗಿ ಸನ್ನಡತೆಯ ಸಾಕ್ಷ್ಯ ಬಂದ ಹೊರತು, ಸಾಮಾನ್ಯವಾಗಿ ಅವನ ದುರ್ನಡತೆಯ ಮಾತನ್ನು ಎತ್ತಗೊಡುತ್ತಿರಲಿಲ್ಲ. ಆದರೆ 15ನೆಯ ಕಲಮಿನಲ್ಲಿ ಸ್ಟೀಫನ್ನರೇ ಒಂದು ಕಿಂಡಿಯನ್ನು ಬಿಟ್ಟರು. ಒಬ್ಬನು ಒಂದಾದ ಮೇಲೊಂದು ಮನೆಯಲ್ಲಿ ವಾಸಿಸುತ್ತಾನೆ. ಪ್ರತಿ ಮನೆಗೂ ವಿಮೆ ಮಾಡಿಸುತ್ತಾನೆ. ಪ್ರತಿ ಮನೆಗೂ ಬೆಂಕಿ ಬೀಳುತ್ತದೆ. ಪ್ರತಿ ಸಲವೂ ಬೇರೆ ಬೇರೆ ಕಂಪನಿಯ ಹಣ ಕೈಸೇರುತ್ತದೆ. ಬೆಂಕಿ ಆಕಸ್ಮಿಕವೇ ಎಂದು ತಿಳಿಯಲು ಹಳೆಯ ಬೆಂಕಿಗಳ ಕಥೆಯನ್ನೂ ಕೇಳಬಹುದು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಆ ಬಾಗಿಲನ್ನೂ ಈ ಕಿಂಡಿಯನ್ನೂ ಉಳಿಸಿಕೊಂಡಿದೆ.

ಇಂಗ್ಲೆಂಡಿನ ನ್ಯಾಯದಲ್ಲಿಯೂ ಇಂಥದೇ ಕಿಂಡಿಯಿತ್ತು. ಅದರಲ್ಲಿ ಒಬ್ಬನ ಪ್ರಾಣವೇ ಸಿಕ್ಕಿಕೊಂಡದ್ದು 1915ರಲ್ಲಿ. ಆಗಲೇ ಬೇರೊಬ್ಬಳ ಗಂಡನಾಗಿದ್ದ ಜಾರ್ಜ್ ಜೋಸೆಫ್ ಸ್ಮಿತ್ ಎಂಬಾತ ವರಿಸಿದ ಬೆಸ್ಸಿ ಮಂಡಿ, 1912ರಲ್ಲಿ ಹರ್ನ್ ಬೇ ಎಂಬ ಊರಿನಲ್ಲಿ ಸ್ನಾನದ ತೊಟ್ಟಿಯಲ್ಲಿ ಮುಳುಗಿ ಸತ್ತಳು. ಮೂರ್ಛೆರೋಗವೆಂದು ವೈದ್ಯನೂ ನಂಬಿದ. 1913ರಲ್ಲಿ ಬ್ಲ್ಯಾಕ್‌ಪೂಲಿನಲ್ಲಿ ಆಲಿಸ್ ಬರ್ನ್‌ಹ್ಯಾಮ್ ಹಾಗೆಯೇ ಸತ್ತಳು. 1914ರಲ್ಲಿ ಲಂಡನ್ನಿನಲ್ಲಿ ಮಾರ್ಗರೆಟ್ ಲಾಫ್ಟಿ, ಅದೂ ಮದುವೆಯ ಮರುದಿನವೇ. ಮೂರು ಸಾವಿನಲ್ಲಿಯೂ ಗಂಡನಿಗೆ ಹಣದ ಲಾಭ ಕಾದಿತ್ತು. ಮೂರನೆಯ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ಆಲಿಸಳ ತಂದೆಗೆ ಮಗಳ ಕೊನೆ ನೆನಪಾಯಿತು.

ವಿಚಾರಣೆ ನಡೆದುದು ಬೆಸ್ಸಿಯ ಕೊಲೆಯೊಂದಕ್ಕೇ. ಅದೊಂದನ್ನೇ ನೋಡಿದರೆ ಅಪಘಾತವೆನ್ನಲು ಅಡ್ಡಿಯಿರಲಿಲ್ಲ. ಆದಕಾರಣ ಉಳಿದೆರಡು ಸಾವುಗಳ ಪ್ರಸ್ತಾಪವೇ ಕೂಡದೆಂದು ಸ್ಮಿತ್‌ನ ವಕೀಲ ಮಾರ್ಷಲ್ ಹಾಲರು ವಾದಿಸಿದರು; ಮೊಕದ್ದಮೆಯ ಜೀವ ಅಲ್ಲಿತ್ತು. ನ್ಯಾಯಾಧೀಶ ಸ್ಕ್ರಟನ್ನರು ಒಪ್ಪಲಿಲ್ಲ. ಆದರೂ ಜ್ಯೂರಿಯನ್ನು ಎಚ್ಚರಿಸಿದರು: ಇವನು ದುಷ್ಟ, ಆದುದರಿಂದ ಕೊಂದಿರಬೇಕು ಎಂದೆಣಿಸಬಾರದು, ಬೆಸ್ಸಿಯ ಸಾವು ಆಕಸ್ಮಿಕವೋ ಸಂಚೋ ಎಂದು ನಿಶ್ಚಯಿಸಲು ಮಾತ್ರ ಆ ಸಾವುಗಳನ್ನು ನೋಡಬೇಕು. ಇದು ಕೂದಲು ಸೀಳುವ ಮಾತೆನಿಸೀತು. ಆದರೆ ಮೊದಲನೆಯದು ಬರಿಯ ಗಾದೆ, ಎರಡನೆಯದು ಲೆಕ್ಕ. ಒಂದೇ ಬಗೆಯ ಆಕಸ್ಮಿಕ ಒಬ್ಬನ ಮನೆಗೆ ಎಷ್ಟು ಸಲ ಬಂದೀತು? ಸಕ್ಕರೆ ಕದ್ದವಳ ಮೇಲಿನ ಗುಮಾನಿಯಲ್ಲಿ ಇಂಥ ಲೆಕ್ಕವೇನೂ ಇಲ್ಲ.

ಜ್ಯೂರಿಗೆ ಸುಮಾರು 20 ನಿಮಿಷ ಸಾಕಾಯಿತು. ಆಗಸ್ಟಿನಲ್ಲಿ ಸ್ಮಿತ್‌ನನ್ನು ಗಲ್ಲಿಗೇರಿಸಿದರು. ಆ 20 ನಿಮಿಷಗಳಲ್ಲಿ 12 ಮಂದಿಯೂ ತೂಗಿದ್ದು ಲೆಕ್ಕವನ್ನೋ ಗಾದೆಯನ್ನೋ, ಆ ಮುಚ್ಚಿದ ಕೋಣೆಗೇ ಗೊತ್ತು.