ಅಮ್ಮನ ಅಂಗಡಿಗೆ ಬಂದ ಬ್ರ್ಯಾಂಡ್ ಪ್ಯಾಂಟು

ಕಳೆದ ಚೌತಿಗೆ ಒಂದು ವಾರ ಇರುವಾಗ ಊರಿಗೆ ಹೋಗಿದ್ದೆ. ಅಮ್ಮನ ಹೊಲಿಗೆ ಮಿಷನ್ನಿನ ಪಕ್ಕ ಹನ್ನೊಂದು ಪ್ಯಾಂಟುಗಳು ರಾಶಿ ಬಿದ್ದಿದ್ದವು. ಒಂದೂ ಅಮ್ಮ ಹೊಲಿದದ್ದಲ್ಲ. ಎಲ್ಲವೂ ಉಡುಪಿ, ಕುಂದಾಪುರದ ಶೋರೂಮುಗಳಲ್ಲಿ ಕೊಂಡವು. ಕಾಲು ಗಿಡ್ಡ ಮಾಡಲು, ಸೊಂಟ ಹಿಡಿಸಲು ಇಲ್ಲಿಗೆ ಬಂದಿದ್ದವು.

"ಮೊದ್ಲ್ ಈ ಹೊತ್ತಿಗೆ ಬಟ್ಟಿ ಇಡೂಕೆ ಜಾಗ ಇರ್ಲಿಲ್ಲೆ. ಈಗ ಕಾಣ್ ಮಗಾ, ಬರೀ ಕಾಲ್ ಗಿಡ್ಡ ಮಾಡೂದೇ ಕೆಲ್ಸ" ಅಂದಳು ಅಮ್ಮ.

ಸಾಸ್ತಾನ ಪೇಟೆಯಲ್ಲಿ ಹೆದ್ದಾರಿ ಪಕ್ಕದ ಈ ಒಂದು ಕೋಣೆಯ ಅಂಗಡಿಯಿಂದಲೇ ನನ್ನ ಕಾಲೇಜು ಫೀಸು ಹುಟ್ಟಿದ್ದು. ಜೂನಿನಲ್ಲಿ ಶಾಲೆಯ ಯೂನಿಫಾರಂ, ಚೌತಿಗೆ ಹೊಸ ಬಟ್ಟೆ, ಮದುವೆ ಸೀಸನ್ನಿಗೆ ರವಿಕೆ. ಬಟ್ಟೆ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಕತ್ತರಿಸಿದ ಪೀಸು ಸೀದಾ ಅಮ್ಮನ ಕೈಗೆ ಬರುತ್ತಿತ್ತು. ಕೋಡಿ ಕಡೆಯ ಕೆಲವರು ಮೀನಿನ ದುಡ್ಡು ಬಂದ ಮೇಲೆ ಕೊಡುತ್ತಿದ್ದರು. ಅದೂ ನಡೆಯುತ್ತಿತ್ತು.

ಡಿಗ್ರಿ ಓದುವಾಗ ರಜೆಯಲ್ಲಿ ಎರಡು ತಿಂಗಳು ನಾನೂ ಒಂದು ಶೋರೂಮಿನಲ್ಲಿ ಬಟ್ಟೆ ಮಡಚಿದ್ದೇನೆ. ಅಲ್ಲಿ ನಾಲ್ಕು ಸಾಲಿನಲ್ಲಿ ನಾಲ್ಕು ಹೆಸರಿನ ಶರ್ಟುಗಳು. ನಾನು ನಾಲ್ಕು ಕಂಪನಿ ಅಂದುಕೊಂಡಿದ್ದೆ. ಎಲ್ಲವೂ ಆ ಅಂಗಡಿಯವರದ್ದೇ ಹೆಸರುಗಳು ಎಂದು ಗೊತ್ತಾದದ್ದು ಮೂರನೇ ವಾರ.

ದೊಡ್ಡ ಬಟ್ಟೆ ಕಂಪನಿಗಳು ಬೆಳೆದ ದಾರಿಯೂ ಇದೇ. ಟಾಟಾದ ಟ್ರೆಂಟ್ ಕಂಪನಿಯನ್ನೇ ನೋಡಿ. 1998ರಲ್ಲಿ ಟಾಟಾದವರು ಲ್ಯಾಕ್ಮೆಯನ್ನು ಹಿಂದುಸ್ತಾನ್ ಲಿವರ್‌ಗೆ ಮಾರಿ, ಬೆಂಗಳೂರಿನಲ್ಲಿದ್ದ ಲಿಟಲ್‌ವುಡ್ಸ್ ಎಂಬ ಬಟ್ಟೆ ಮಳಿಗೆಯನ್ನು ಕೊಂಡರು. ಅದರ ಹೆಸರು ವೆಸ್ಟ್‌ಸೈಡ್ ಆಯಿತು. ಬೇರೆಯವರ ಬ್ರ್ಯಾಂಡ್ ಮಾರುವ ಬದಲು ತಮ್ಮದೇ ಹೆಸರಿನ ಬಟ್ಟೆ ಮಾಡಿಸಿ ಮಾರತೊಡಗಿದರು. 2016ರಲ್ಲಿ ಕಡಿಮೆ ಬೆಲೆಯ ಜುಡಿಯೋ ಶುರು ಮಾಡಿದರು. 2024ರ ಮಾರ್ಚ್ ಕೊನೆಗೆ 545 ಜುಡಿಯೋ ಅಂಗಡಿಗಳಿದ್ದವು. ಒಂದೇ ವರ್ಷದಲ್ಲಿ ಅದು 765 ಆಯಿತು.

ಅಷ್ಟು ಕಡಿಮೆ ಬೆಲೆ ಹೇಗೆ? ಡಿಸೈನಿನಿಂದ ಅಂಗಡಿಯವರೆಗೆ ಎಲ್ಲ ತಮ್ಮದೇ, ನಡುವೆ ಬೇರೆ ಬ್ರ್ಯಾಂಡಿನವರಿಗೆ ಲಾಭದ ಪಾಲಿಲ್ಲ. ಒಂದೇ ಡಿಸೈನನ್ನು ದೊಡ್ಡ ಪ್ರಮಾಣದಲ್ಲಿ ಹೊಲಿಸುತ್ತಾರೆ. ಜಾಹೀರಾತಿಗೆ ಹೆಚ್ಚು ಖರ್ಚಿಲ್ಲ.

ಇನ್ನೊಂದು ದಾರಿಯೂ ಇದೆ, ಹೆಸರನ್ನೇ ಹೊರಗಿನಿಂದ ತರುವುದು. ಜಾಕಿ ಅಮೆರಿಕದ ಹೆಸರು. ಅದರ ಲೈಸೆನ್ಸ್ ಪಡೆದು ಇಲ್ಲಿ ಮಾಡಿ ಮಾರುವುದು ಬೆಂಗಳೂರಿನ ಪೇಜ್ ಇಂಡಸ್ಟ್ರೀಸ್. ನಮ್ಮ ರಾಜ್ಯದ ಗಾರ್ಮೆಂಟ್ಸ್‌ಗಳಲ್ಲಿ ಮಿಷನ್ ಮುಂದೆ ಕೂತವರು ಹೆಚ್ಚಾಗಿ ಹೆಂಗಸರು. ಕೈ ಅವರದ್ದು, ಲೇಬಲ್ಲಿನ ಹೆಸರು ಬೇರೆಯವರದ್ದು.

ಅಮ್ಮನ ಎದುರು ನಾನು ಇದನ್ನೆಲ್ಲ ವಿವರಿಸುವಾಗ ನನ್ನ ಮೈಮೇಲಿದ್ದದ್ದೂ 499 ರೂಪಾಯಿಯ ಬ್ರ್ಯಾಂಡ್ ಶರ್ಟೇ. ಅಮ್ಮ ತೋಳಿನ ಅಂಚು ಮಗುಚಿ ಹೊಲಿಗೆ ನೋಡಿದಳು.

"ಇಷ್ಟ್ ದುಡ್ಡಿಗೆ ನಂಗೆ ಬಟ್ಟಿಯೇ ಸಿಕ್ಕೂದಿಲ್ಲೆ" ಅಂದಳು. ಬೈಯಲಿಲ್ಲ. ಬೈದಿದ್ದರೇ ಒಳ್ಳೆಯದಿತ್ತು ಅನ್ನಿಸಿತು.

ಲೆಕ್ಕ ಸರಳ. ಪ್ಯಾಂಟಿನ ಕಾಲು ಮಡಚಿದರೆ ಅಮ್ಮನಿಗೆ 50 ರೂಪಾಯಿ, ಲೈನಿಂಗ್ ಹಾಕಿದ ರವಿಕೆ ಹೊಲಿದರೆ 350. ಏಳು ಪ್ಯಾಂಟು ಸೇರಿದರೆ ಒಂದು ರವಿಕೆ. ಅಂಗಡಿಯ ಬಾಡಿಗೆ ಮಾತ್ರ ಪ್ಯಾಂಟು, ರವಿಕೆ ನೋಡಿ ಏರುವುದಿಲ್ಲ.

ಆದರೂ ಅಂಗಡಿ ನಿಂತಿರುವುದು ಆ ರವಿಕೆಯಿಂದಲೇ. ಕಂಪನಿಯವರಿಗೆ ನಮ್ಮ ಮೈ ಎಂದರೆ ಸ್ಮಾಲ್, ಮೀಡಿಯಂ, ಲಾರ್ಜ್. ಒಂದು ಭುಜ ತುಸು ಕೆಳಗಿರುವ ಟೀಚರಿಗೆ, ಹೆರಿಗೆಯಾಗಿ ಮೂರು ತಿಂಗಳಾದವಳಿಗೆ ಆ ಅಳತೆ ಹೊಂದುವುದಿಲ್ಲ. ಅಮ್ಮನ ಹಳೇ ನೋಟ್‌ಬುಕ್ಕಿನಲ್ಲಿ ಅವರದೆಲ್ಲ ಅಳತೆ ಇದೆ.

ಶೋರೂಮಿನಲ್ಲಿ ಕಲಿತ ಬುದ್ಧಿ ನನ್ನದು. ಅಮ್ಮನ ಹೆಸರು ನೇಯ್ದ ನೂರು ಲೇಬಲ್ ಮಾಡಿಸಿ ತಂದೆ. ರವಿಕೆಯ ಒಳಗೆ ಕುತ್ತಿಗೆ ಹತ್ತಿರ ಇದನ್ನು ಹೊಲಿ, ನಿನ್ನದೂ ಒಂದು ಬ್ರ್ಯಾಂಡ್ ಆಗಲಿ ಅಂದೆ.

ಅಮ್ಮ ಒಂದನ್ನು ಬೆರಳಲ್ಲಿ ತಿಕ್ಕಿ ನೋಡಿದಳು. "ಇದ್ ಕುತ್ಗಿಗೆ ಚುಚ್ಚತ್ತ್. ರವಿಕೆ ಸಮ ಕೂತ್ರೆ ಅವ್ರೇ ನಾಲ್ಕ್ ಜನಕ್ಕ್ ಹೇಳ್ತ್ರ್."

ಲೇಬಲ್ಲುಗಳು ಗುಂಡಿಯ ಡಬ್ಬಿಯಲ್ಲಿವೆ. ಮೊನ್ನೆ ಫೋನಿನಲ್ಲಿ ಅಮ್ಮ ಹೇಳಿದಳು: ಹತ್ತು ಕಡಿಮೆಯಾಗಿವೆ. ಒಬ್ಬ ಟೀಚರು ತಮ್ಮ ಮಗಳ ಮದುವೆಯ ರವಿಕೆಗಳಿಗೆ ಅದು ಬೇಕೇ ಬೇಕು ಎಂದು ಕೇಳಿ ಹೊಲಿಸಿಕೊಂಡರಂತೆ. ಚುಚ್ಚದ ಹಾಗೆ ಅಡಿಯಲ್ಲಿ ಒಂದು ತುಂಡು ಮೆತ್ತಗಿನ ಬಟ್ಟೆ ಕೊಟ್ಟಿದ್ದಾಳಂತೆ ಅಮ್ಮ.