ಸ್ವತಂತ್ರ ಕುರ್ಚಿಗಳು

ಬಿ.ಕಾಂ. ಓದುವ ಮಕ್ಕಳಿರುವ ಮನೆಯಲ್ಲಿ ಪರೀಕ್ಷೆಯ ಹಿಂದಿನ ರಾತ್ರಿ ಕೇಳಿಬರುವ ಪಾಠಗಳಲ್ಲಿ ಇದೂ ಒಂದು. ಷೇರುಪೇಟೆಯಲ್ಲಿ ನೋಂದಾಯಿಸಿಕೊಂಡ ಕಂಪೆನಿಯ ನಿರ್ದೇಶಕ ಮಂಡಳಿಯಲ್ಲಿ ಕನಿಷ್ಠ ಮೂರನೇ ಒಂದು ಭಾಗ ಸ್ವತಂತ್ರ ನಿರ್ದೇಶಕರಿರಬೇಕು. ಅಧ್ಯಕ್ಷರು ಪ್ರವರ್ತಕರ ಕಡೆಯವರಾಗಿದ್ದರೆ ಅರ್ಧದಷ್ಟು. ಹುಡುಗಿ ಇದನ್ನು ನಾಲ್ಕು ಸಲ ಗಟ್ಟಿಯಾಗಿ ಹೇಳಿಕೊಳ್ಳುತ್ತಾಳೆ. ಐದನೇ ಸಲಕ್ಕೆ ಪಕ್ಕದಲ್ಲಿ ಪತ್ರಿಕೆ ಹಿಡಿದು ಕುಳಿತ ತಂದೆಯನ್ನು ಕೇಳಿಯೇಬಿಡುತ್ತಾಳೆ: "ಅಪ್ಪಾ, ಸ್ವತಂತ್ರ ಅಂದ್ರೆ ಯಾರಿಂದ ಸ್ವತಂತ್ರ?"

ಪುಸ್ತಕದಲ್ಲಿ ಉತ್ತರವಿದೆ. ಆತ ಪ್ರವರ್ತಕರ ನೆಂಟನಾಗಿರಬಾರದು, ಇತ್ತೀಚಿನ ವರ್ಷಗಳಲ್ಲಿ ಕಂಪೆನಿಯ ದೊಡ್ಡ ಹುದ್ದೆಯಲ್ಲಿ ಇದ್ದವನಾಗಿರಬಾರದು, ಅದರೊಡನೆ ಹಣದ ವ್ಯವಹಾರ ಇಟ್ಟುಕೊಂಡಿರಬಾರದು, ಅದರ ಲೆಕ್ಕ ಪರಿಶೋಧಕರ ಸಂಸ್ಥೆಯಿಂದ ಬಂದವನಾಗಿರಬಾರದು. ಅಂಕ ಗಳಿಸಲು ಇಷ್ಟು ಸಾಕು. ಆದರೆ ಹುಡುಗಿ ಕೇಳಿದ್ದಕ್ಕೆ ನಿಜವಾದ ಉತ್ತರ ಬೇಕಿದ್ದರೆ ಹೈದರಾಬಾದಿಗೆ, 2008ರ ಡಿಸೆಂಬರ್ 16ರ ದಿನಕ್ಕೆ ಹೋಗಬೇಕು.

ಅಂದು ಸತ್ಯಂ ಕಂಪ್ಯೂಟರ್ ಸರ್ವೀಸಸ್ ಕಂಪೆನಿಯ ನಿರ್ದೇಶಕ ಮಂಡಳಿ ಸಭೆ ಸೇರಿತ್ತು. ಮುಂಬೈಯ ಪೇಟೆಯಲ್ಲೂ ನ್ಯೂಯಾರ್ಕ್ ಪೇಟೆಯಲ್ಲೂ ನೋಂದಾಯಿತವಾಗಿದ್ದ ಕಂಪೆನಿ. ಸುಮಾರು 50 ಸಾವಿರ ನೌಕರರು. ಬೆಂಗಳೂರಿನಲ್ಲೂ ಕಚೇರಿ. ಮಗನಿಗೆ ಅಲ್ಲಿ ಕೆಲಸ ಸಿಕ್ಕಿತೆಂದು ಊರಲ್ಲಿ ಸಿಹಿ ಹಂಚಿದ ತಂದೆ ತಾಯಂದಿರಿಗೆ ಲೆಕ್ಕವಿಲ್ಲ. ಮಂಡಳಿಯಲ್ಲಿದ್ದವರು ಒಂಬತ್ತು ಮಂದಿ, ಅವರಲ್ಲಿ ಐವರು ಸ್ವತಂತ್ರರು. ಅರ್ಧಕ್ಕಿಂತ ಹೆಚ್ಚೇ ಆಯಿತು. ಅವರೇನು ಸಾಮಾನ್ಯರೂ ಅಲ್ಲ. ಕೇಂದ್ರ ಸರ್ಕಾರದ ಸಂಪುಟ ಕಾರ್ಯದರ್ಶಿಯಾಗಿದ್ದವರು, ಐಐಟಿಯ ನಿರ್ದೇಶಕರಾಗಿದ್ದವರು, ದೊಡ್ಡ ಬಿಸಿನೆಸ್ ಶಾಲೆಯ ಮುಖ್ಯಸ್ಥರು, ಪೆಂಟಿಯಂ ಚಿಪ್‌ನೊಂದಿಗೆ ಹೆಸರು ಬೆಸೆದುಕೊಂಡ ತಂತ್ರಜ್ಞರು. ಯಾವ ಕಾಲೇಜಿನ ಘಟಿಕೋತ್ಸವಕ್ಕೆ ಕರೆದರೂ ಸಭಾಂಗಣ ತುಂಬುವಂಥ ಹೆಸರುಗಳು. ಅದೇ ವರ್ಷ ಉತ್ತಮ ಕಂಪೆನಿ ಆಡಳಿತಕ್ಕೆಂದು ಸತ್ಯಂಗೆ ಗೋಲ್ಡನ್ ಪೀಕಾಕ್ ಪ್ರಶಸ್ತಿಯೂ ಬಂದಿತ್ತು. (ಆಮೇಲೆ ಅದನ್ನು ಹಿಂದಕ್ಕೆ ಪಡೆಯಲಾಯಿತು.)

ಸಭೆಯ ಮುಂದಿದ್ದ ವಿಷಯ ಇದು: ಮೇಟಾಸ್ ಹೆಸರಿನ ಎರಡು ಕಂಪೆನಿಗಳನ್ನು 160 ಕೋಟಿ ಡಾಲರಿಗೆ ಕೊಳ್ಳುವುದು. ಒಂದು ಮನೆ, ನಿವೇಶನಗಳ ವ್ಯವಹಾರದ್ದು. ಇನ್ನೊಂದು ರಸ್ತೆ, ಸೇತುವೆಗಳ ಗುತ್ತಿಗೆಯದು. ಸಾಫ್ಟ್‌ವೇರ್ ಕಂಪೆನಿಗೆ ಇವೇಕೆ? ಸತ್ಯಂ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಬರೆದು ಹಿಂದುಮುಂದಾಗಿ ಓದಿದರೆ ಮೇಟಾಸ್ ಆಗುತ್ತದೆ. ಎರಡೂ ಅಧ್ಯಕ್ಷ ರಾಮಲಿಂಗ ರಾಜು ಅವರ ಮಕ್ಕಳ ಕೈಯಲ್ಲಿದ್ದವು. ಸಭೆಯಲ್ಲಿ ಕೆಲವು ಪ್ರಶ್ನೆಗಳು ಎದ್ದವು, ನಿಜ. ಆದರೆ ಕೊನೆಗೆ ಮಂಡಳಿ ಒಪ್ಪಿಗೆ ಕೊಟ್ಟಿತು. ಷೇರುದಾರರ ಮತ ಕೇಳುವ ಗೋಜಿಗೂ ಹೋಗಲಿಲ್ಲ.

ಆದರೆ ನಿಯಮದ ಇನ್ನೊಂದು ಅರ್ಧ ಉಳಿದಿತ್ತು. ಬೆಲೆಯನ್ನು ಏರಿಸುವ ಇಳಿಸುವ ಯಾವುದೇ ತೀರ್ಮಾನವನ್ನು ಕಂಪೆನಿ ಷೇರು ವಿನಿಮಯ ಕೇಂದ್ರಕ್ಕೆ ತಿಳಿಸಲೇಬೇಕು. ಕೇಂದ್ರ ಅದನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸುತ್ತದೆ. ಸುದ್ದಿ ಹೊರಬಿತ್ತು. ಭಾರತದಲ್ಲಿ ರಾತ್ರಿಯಾಗುತ್ತಿದ್ದಾಗ ನ್ಯೂಯಾರ್ಕ್ ಪೇಟೆಯಲ್ಲಿ ಸತ್ಯಂ ಬೆಲೆ ಅರ್ಧಕ್ಕಿಂತ ಕೆಳಗೆ ಕುಸಿಯಿತು. ಬೆಳಗಾಗುವಷ್ಟರಲ್ಲಿ ಕಂಪೆನಿ ಖರೀದಿಯನ್ನು ಕೈಬಿಟ್ಟಿತ್ತು. ಮಂಡಳಿ ಒಂದು ಸಭೆಯಲ್ಲಿ ತಡೆಯಲಾಗದ್ದನ್ನು, ಅದರ ಹೆಸರುಗಳನ್ನೂ ಕೇಳಿರದ ಜನ ಒಂದು ರಾತ್ರಿಯಲ್ಲಿ ತಡೆದರು. ಅವರ ಕೈಯಲ್ಲಿದ್ದದ್ದು ಒಂದು ಪ್ರಕಟಣೆ ಮಾತ್ರ.

ಆ ತಿಂಗಳು ಮುಗಿಯುವ ಹೊತ್ತಿಗೆ ನಾಲ್ವರು ನಿರ್ದೇಶಕರು ರಾಜೀನಾಮೆ ಕೊಟ್ಟು ಹೊರನಡೆದರು. 2009ರ ಜನವರಿ 7ರಂದು ರಾಜು ಅವರ ಪತ್ರ ಬಂತು. ಲೆಕ್ಕದಲ್ಲಿ ತೋರಿಸಿದ್ದ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಠೇವಣಿಯಲ್ಲಿ 5,040 ಕೋಟಿ ಇರಲೇ ಇಲ್ಲ ಎಂದು ಅವರೇ ಬರೆದಿದ್ದರು. ಹುಲಿಯ ಬೆನ್ನೇರಿದವನು ಇಳಿಯಲಾರದೆ ಪರದಾಡುವ ಸ್ಥಿತಿ ತನ್ನದು ಎಂದಿದ್ದರು. ಇಲ್ಲದ ಆಸ್ತಿಯ ಜಾಗದಲ್ಲಿ ಇರುವ ಆಸ್ತಿಯನ್ನು ತಂದು ಕೂರಿಸುವ ಕೊನೆಯ ಯತ್ನವೇ ಮೇಟಾಸ್ ಖರೀದಿ ಎಂಬುದೂ ಅದರಲ್ಲಿತ್ತು. ಅಂದು ಒಂದೇ ದಿನದಲ್ಲಿ ಷೇರು ಸುಮಾರು 179 ರೂಪಾಯಿಯಿಂದ 40ರ ಆಸುಪಾಸಿಗೆ ಬಿತ್ತು. ಎರಡು ದಿನಗಳಲ್ಲಿ ಸರ್ಕಾರ ಹಳೆಯ ಮಂಡಳಿಯನ್ನು ವಜಾ ಮಾಡಿತು, ಆಮೇಲೆ ಹೊಸಬರನ್ನು ಕೂರಿಸಿತು. ಏಪ್ರಿಲ್‌ನಲ್ಲಿ ಟೆಕ್ ಮಹೀಂದ್ರ ಹರಾಜಿನಲ್ಲಿ ಗೆದ್ದುದರಿಂದ ಕಂಪೆನಿ ಉಳಿಯಿತು. ರಾಜು ಮತ್ತಿತರರಿಗೆ ಹೈದರಾಬಾದಿನ ನ್ಯಾಯಾಲಯ 2015ರ ಏಪ್ರಿಲ್‌ನಲ್ಲಿ 7 ವರ್ಷಗಳ ಸಜೆ ವಿಧಿಸಿತು.

ಹಾಗಾದರೆ ನಿಯಮ ಇರಲಿಲ್ಲವೇ? ಧಾರಾಳವಾಗಿತ್ತು. ಕುಮಾರ ಮಂಗಳಂ ಬಿರ್ಲಾ ಸಮಿತಿಯ ಸಲಹೆಯಂತೆ ಸೆಬಿ 2000ದಲ್ಲಿ ಷೇರು ವಿನಿಮಯ ಕೇಂದ್ರಗಳ ನೋಂದಣಿ ಒಪ್ಪಂದಕ್ಕೆ 49ನೇ ಕಲಮನ್ನು ಸೇರಿಸಿತು. ಇನ್ಫೋಸಿಸ್‌ನ ನಾರಾಯಣಮೂರ್ತಿಯವರ ಸಮಿತಿ 2003ರಲ್ಲಿ ಅದನ್ನು ಬಿಗಿ ಮಾಡಲು ಸೂಚಿಸಿತು. ಸತ್ಯಂ ಕುಸಿಯುವಾಗ ಆ ಬಿಗಿಯಾದ ಕಲಮೇ ಜಾರಿಯಲ್ಲಿತ್ತು. ಕಲಮು ಕುರ್ಚಿಗಳನ್ನು ಎಣಿಸಬಲ್ಲುದು; ಕುರ್ಚಿಯಲ್ಲಿ ಕುಳಿತವರು ಆ ಬ್ಯಾಂಕ್ ಪತ್ರ ಎಲ್ಲಿದೆ, ತೋರಿಸಿ ಎಂದು ಕೇಳುವಂತೆ ಮಾಡುವುದು ಅದರ ಕೈಲಿಲ್ಲ. ಸ್ವತಂತ್ರ ನಿರ್ದೇಶಕ ನೋಡುವುದು ಆಡಳಿತದವರು ಸಿದ್ಧಪಡಿಸಿದ ಕಾಗದಗಳನ್ನೇ. ಅವನನ್ನು ಕರೆತಂದವರೂ ಸಾಮಾನ್ಯವಾಗಿ ಅವರೇ. ಸತ್ಯಂನಲ್ಲಿ ಪ್ರವರ್ತಕರ ಪಾಲು ಶೇಕಡಾ 10ರಷ್ಟೂ ಇರಲಿಲ್ಲ. ಆದರೂ ಯಜಮಾನಿಕೆ ಅವರದೇ. ಮನೆಯವರಿಗೆ ಬೇಜಾರಾದೀತೆಂದು ಅಡುಗೆಗೆ ಉಪ್ಪು ಕಡಿಮೆಯೆಂದೂ ಹೇಳದ ಅತಿಥಿಯನ್ನು ಎಲ್ಲರೂ ಕಂಡಿದ್ದಾರೆ.

ಆ ಅನಾಹುತದ ನಂತರ ಬಂದ ಬದಲಾವಣೆಗಳು ಅನೇಕ. 2013ರ ಕಂಪೆನಿ ಕಾಯ್ದೆ ಸ್ವತಂತ್ರ ನಿರ್ದೇಶಕನಿಗೆ ಐದೈದು ವರ್ಷಗಳ ಎರಡೇ ಸತತ ಅವಧಿ ಎಂದು ಮಿತಿ ಹಾಕಿತು. 2015ರಲ್ಲಿ ಹಳೆಯ ಒಪ್ಪಂದದ ಜಾಗಕ್ಕೆ ಸೆಬಿಯ ನಿಯಮಾವಳಿಯೇ ಬಂತು. ಆದರೆ ಹೆಚ್ಚು ಕೆಲಸಕ್ಕೆ ಬಂದವು ಬಹಿರಂಗಪಡಿಸಬೇಕು ಎನ್ನುವ ಸಣ್ಣ ಸಣ್ಣ ನಿಯಮಗಳು ಎನ್ನಬೇಕು. ರಾಜು ಕುಟುಂಬ ತನ್ನ ಷೇರುಗಳನ್ನು ಅಡವಿಟ್ಟು ಸಾಲ ಎತ್ತಿದ್ದು ಹೊರಗಿನವರಿಗೆ ತಿಳಿದಿರಲಿಲ್ಲ. 2009ರ ಜನವರಿಯಲ್ಲೇ ಸೆಬಿ ಪ್ರವರ್ತಕರು ಅಡವಿಟ್ಟ ಷೇರುಗಳ ವಿವರ ಪ್ರಕಟಿಸುವುದನ್ನು ಕಡ್ಡಾಯ ಮಾಡಿತು. ಮಂಡಳಿಯ ಮುಖ್ಯ ತೀರ್ಮಾನಗಳು ಸಭೆ ಮುಗಿದ 30 ನಿಮಿಷಗಳಲ್ಲಿ ಹೊರಬರಬೇಕು. ಪೇಟೆ ಮುಚ್ಚಿದ ಮೇಲೆ ಸಭೆ ಮುಗಿದರೆ 3 ಗಂಟೆಗಳಲ್ಲಿ. ನೆಂಟರಿಷ್ಟರ ಕಂಪೆನಿಗಳೊಡನೆ ದೊಡ್ಡ ವ್ಯವಹಾರಕ್ಕೆ ಷೇರುದಾರರ ಒಪ್ಪಿಗೆ ಬೇಕು, ಅದಕ್ಕೆ ಒಪ್ಪಿಗೆಯ ಮತ ಹಾಕಲು ಆ ನೆಂಟರಿಗೆ ಅವಕಾಶವಿಲ್ಲ. ಮೇಟಾಸ್‌ನಂಥ ಖರೀದಿ ಈಗ ಬಂದರೆ ಒಂದು ಸಭೆಯಲ್ಲಿ ಮುಗಿಯದು.

ಇನ್ನೊಂದು ನಿಯಮ ಬಲು ಸೊಗಸಾಗಿದೆ. ಸ್ವತಂತ್ರ ನಿರ್ದೇಶಕ ಅವಧಿಗೆ ಮುಂಚೆ ಬಿಟ್ಟುಹೋದರೆ ಕಾರಣವನ್ನು 7 ದಿನಗಳೊಳಗೆ ವಿವರವಾಗಿ ಪ್ರಕಟಿಸಬೇಕು, 2022ರಿಂದ ರಾಜೀನಾಮೆ ಪತ್ರವನ್ನೂ ಜನರ ಮುಂದಿಡಬೇಕು. "ವೈಯಕ್ತಿಕ ಕಾರಣಗಳಿಂದ" ಎಂಬ ಎರಡು ಪದಗಳ ಹಿಂದೆ ಎಷ್ಟೋ ಜಗಳಗಳು ಅಡಗಿರುತ್ತಿದ್ದವು. ಅದೇ ಮಾತು ಬರೆಯುವವರು ಈಗಲೂ ಇದ್ದಾರೆ. ಆದರೆ ಬೇರೆ ಮುಖ್ಯ ಕಾರಣವಿಲ್ಲವೆಂದು ಸಹಿ ಹಾಕಿ ಕೊಡಬೇಕಾಗಿದೆ.

ಈ ಕಾಗದಗಳನ್ನು ಓದಲು ಬಿ.ಕಾಂ. ಪದವಿ ಬೇಕಿಲ್ಲ, ಕಾಸೂ ಬೇಕಿಲ್ಲ. ಷೇರು ವಿನಿಮಯ ಕೇಂದ್ರಗಳ ವೆಬ್‌ಸೈಟಿನಲ್ಲಿ ಕಂಪೆನಿಯ ಹೆಸರು ಒತ್ತಿದರೆ ಸಾಕು, ಪ್ರಕಟಣೆಗಳೂ ವಾರ್ಷಿಕ ವರದಿಯೂ ಸಿಗುತ್ತವೆ. ವರದಿಯ ಮುಂಭಾಗದ ಬಣ್ಣದ ಚಿತ್ರಗಳನ್ನು ದಾಟಿ, ಕಂಪೆನಿ ಆಡಳಿತದ ವರದಿ ಎಂಬ ಭಾಗಕ್ಕೆ ಹೋಗಬೇಕು. ಯಾವ ನಿರ್ದೇಶಕ ಎಷ್ಟು ಸಭೆಗಳಿಗೆ ಬಂದರು, ಬೇರೆ ಎಷ್ಟು ಕಂಪೆನಿಗಳಲ್ಲಿ ಕುರ್ಚಿ ಹಿಡಿದಿದ್ದಾರೆ ಎಂಬ ಪಟ್ಟಿ ಅಲ್ಲಿದೆ, ಶಾಲೆಯ ಹಾಜರಿ ಪುಸ್ತಕದಂತೆ. ನೆಂಟರ ಕಂಪೆನಿಗಳಿಗೆ ಹೋದ ಹಣದ ಪಟ್ಟಿ ಲೆಕ್ಕಪತ್ರದ ಟಿಪ್ಪಣಿಗಳಲ್ಲಿ, ಸಣ್ಣ ಅಕ್ಷರಗಳಲ್ಲಿ ಇರುತ್ತದೆ.

ಭವಿಷ್ಯನಿಧಿಯ ದುಡ್ಡಿನಲ್ಲಿ ಹತ್ತು ಷೇರು ಕೊಂಡ ತಂದೆಗೂ ವರ್ಷಕ್ಕೊಮ್ಮೆ ಮತ ಬರುತ್ತದೆ. ಸ್ವತಂತ್ರ ನಿರ್ದೇಶಕರ ನೇಮಕಕ್ಕೆ 2022ರಿಂದ ವಿಶೇಷ ನಿರ್ಣಯ ಬೇಕು. ಅಂದರೆ ಬಿದ್ದ ಮತಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ಪರವಾಗಿರಬೇಕು. ಕನಿಷ್ಠ ಮೂರು ದಿನ ಮೊಬೈಲ್‌ನಲ್ಲೇ ಮತ ಹಾಕಬಹುದು. ಮಹಾಸಭೆಯ ಹಿಂದಿನ ದಿನ ಸಂಜೆ 5 ಗಂಟೆಗೆ ಅದು ಮುಚ್ಚುತ್ತದೆ. ಅದರ ಸೂಚನೆ ಇ-ಮೇಲ್‌ನಲ್ಲಿ ಬರುತ್ತದೆ, ಸಾಮಾನ್ಯವಾಗಿ ಮದುವೆ ಸೀರೆಗಳ ರಿಯಾಯಿತಿಯ ಜಾಹೀರಾತಿಗೂ ಕರೆಂಟ್ ಬಿಲ್ಲಿಗೂ ನಡುವೆ.