ಕೊಂಡಜ್ಜಿಯ ಸೀಮೆಯಲ್ಲೊಂದು ರಸಮಂಜರಿ

ದಾವಣಗೆರೆಯಿಂದ ಕೊಂಡಜ್ಜಿಗೆ ಹೋದವರು ಕೆರೆಯನ್ನೂ ಗುಡ್ಡವನ್ನೂ ಕಂಡು ಸಂಜೆಗೇ ಹಿಂದಿರುಗುವುದು ವಾಡಿಕೆ. ಜಾತ್ರೆಯ ಕಾಲವಾದರೆ ಇರುಳಿಗೂ ನಿಲ್ಲಿರಿ. ಈ ಸೀಮೆಯ ಊರುಗಳಲ್ಲಿ ಆಗ ರಸಮಂಜರಿ ಏರ್ಪಡುವುದುಂಟು. ಬಿಳಿ ಅಂಗಿ, ಪಂಚೆಯ ‘ಜೂನಿಯರ್ ರಾಜ್‌ಕುಮಾರ್’ ವೇದಿಕೆಗೆ ಬರುತ್ತಲೇ ಶಿಳ್ಳೆಗಳು ಮೊಳಗುತ್ತವೆ.

ಬರಿಯ ಅನುಕರಣೆಯೆಂದು ಮೂಗು ಮುರಿಯಬೇಡಿ. ತೆರೆಯ ಮೇಲಿನ ರಾಜ್‌ಕುಮಾರರಿಗೂ ಬಹುಕಾಲ ಪಿ. ಬಿ. ಶ್ರೀನಿವಾಸರ ಕಂಠವೇ ಒದಗಿತ್ತು. 1974ರ ‘ಸಂಪತ್ತಿಗೆ ಸವಾಲ್’ ಚಿತ್ರದ ಬಳಿಕವೇ ಅವರು ತಮ್ಮ ಪಾತ್ರಗಳಿಗೆ ಹೆಚ್ಚಾಗಿ ತಾವೇ ಹಾಡತೊಡಗಿದ್ದು. ಜಾತ್ರೆಯ ಈ ಕಲಾವಿದನಾದರೋ ಆ ಎರಡೂ ಕಂಠಗಳನ್ನು ತನ್ನೊಬ್ಬನ ಗಂಟಲಿನಿಂದಲೇ ಹೊರಡಿಸಬೇಕು. ಜೊತೆಗೆ ಅಭಿನಯಿಸಲೂ ಬೇಕು. 2006ರಲ್ಲಿ ಅಗಲಿದ ವರನಟರನ್ನು, ಅನಂತರ ಹುಟ್ಟಿದ ಮಕ್ಕಳ ಕಣ್ಣೆದುರು ನಿಲ್ಲಿಸುವವನು ಅವನೇ.

ಹಾಡು ಮುಗಿದ ಮೇಲೆ, ಅವನ ಸ್ವಂತ ಹೆಸರನ್ನೂ ಕೇಳಿ ಬನ್ನಿ.